ಎಂಟು ಗಂಟೇದ ಗುಳಿಗಿ

ಸರದಾರಗ ಮುಂಜಾನಿ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು.
ತಪ್ಪಿತಂದ್ರ ಕಾಲು ಸೆಟೆದು, ಬಾಯಾಗ ನೊರಿ ಬಂದು
ಪಡಸಾಲಿ ಕಲ್ಲಿನ ಮ್ಯಾಲ ಬಿದ್ದಲ್ಲೇ ಓಡತಾನ,
ಎಲ್ಲಿಗೂ ಮುಟ್ಟದ ಓಟ.
ಮುಧೋಳ ತಳಿ. ಓಡಾಕಽ ಹುಟ್ಟಿದ ಮೈ.

ಬಿಳೇಕಿ ಹುಟ್ಟಾ ಕಿವುಡಿ.
ಅದಕ್ಕಽ ನನ್ನ ಮಗ್ಗದ ಕುಣಿಯಾಗ, ನನ್ನ ಪಾದದ ಮಗ್ಗಲಕ ಮಲಗತಾಳ.
ಲಾಳಿ ಟಕಳಕ್ ಅಂತ ಅತ್ತಿಂದಿತ್ತ ಹಾರಿದರೂ
ಮೀಸಿ ಅಲುಗೋದಿಲ್ಲ.
ಕರೀಬೇಕಂದ್ರ ನೆಲ ಒದೀಬೇಕು, ಎರಡು ಸಲ, ಹಗೂರಕ.
ಮೂರು ಸಲ ಒದ್ದರ ಸಿಟ್ಟು.

ಕಂಟೆಪ್ಪ ಇನ್ನೂ ಹುಡುಗ.
ಸಾಲ ವಸೂಲಿಗೆ ಬರೋ ಮನಶಾನ ಹೆಸರು ಇಟ್ಟೀವಿ ಬೆಕ್ಕಿಗೆ:
ಕರೀದ ಬರತಾನ, ಕಳಿಸಿದರ ಹೋಗೋದಿಲ್ಲ.
ಹ್ವಾದ ಶ್ರಾವಣದಾಗ ಮಾರುದ್ದ ಕೆಂಪು ನೂಲು ನುಂಗಿದ್ದ.
ಗುಳೇದಗುಡ್ಡದಿಂದ ಬಾಗಲಕೋಟಿಗೆ ಬಸ್ಸಿನಾಗ
ಬುಟ್ಟಿ ಮ್ಯಾಲ ಸೆರಗು ಮುಚ್ಚಿಕೊಂಡು ಕುಂತೆ.
ಬುಟ್ಟ್ಯಾಗ ಏನವ್ವ? ಅಂದ ಕಂಡಕ್ಟರ.
ಹೂಕೋಸು, ಅಂದೆ.
ಹೂಕೋಸು ಮ್ಯಾಂವ್ ಅಂತು.

ಹೊಟ್ಟಿ ಕೊಯ್ದು, ನೂಲು ತಗದು, ಹೊಲದ್ರು ಡಾಕ್ಟರು.
ಇಷ್ಟು ಅಗಲ ಹೊಲಿಗಿ ಹಾಕಿದ್ರ
ನಮ್ಮ ಓಣ್ಯಾಗ ಕೂಲಿ ಮುರಕೋತಾರ್ರೀ ಸರ, ಅಂದೆ.
ನಗಿ ಬರಲಿಲ್ಲ ಅವರಿಗೆ. ನನಗೂ ಬರಲಿಲ್ಲ, ಅಳು ಬಂತು.

ಇನ್ನ ಕುಂಟಿ. ಒಂಟಿ ಕಾಲಿನ ಕೋಳಿ.
ಉಳಿದ ಕೋಳಿಗೋಳು ಕುಕ್ಕಿ ಕುಕ್ಕಿ ಕೊಲ್ಲಾಕ ಹತ್ತಿದ್ವು,
ಹುಸೇನಬಿ ತಂದು ನನ್ನ ಉಡ್ಯಾಗ ಹಾಕಿದಳು.
ಈಗ ಮನೀಗೆ ಆಕಿನಽ ಗೌಡತಿ.
ಮೊಲ ಕಂಡರ ಗುಡ್ಡ ಏರೋ ಸರದಾರ
ಕುಂಟಿ ಕಂಡರ ಬಾಗಲ ಹಿಂದ.

ಗ್ವಾಡಿ ಮ್ಯಾಲ ಇದ್ದಲಿಂದ ಬರದೀನಿ,
ನಾ ಇಲ್ಲದಾಗ ನೋಡಿಕೊಳ್ಳೋರಿಗೆ:
ಸರದಾರಗ ಉಳ್ಳಾಗಡ್ಡಿ ಬ್ಯಾಡ.
ಕಂಟೆಪ್ಪಗ ನೂಲು ಬ್ಯಾಡ, ಸೂಜಿ ಬ್ಯಾಡ, ಲಾಡಿ ಬ್ಯಾಡ.
ಬಿಳೇಕಿನ್ನ ಹಿಂದಿಂದ ಬಂದು ಮುಟ್ಟಬ್ಯಾಡ್ರಿ.
ಕುಂಟಿಗೆ ಯಾರೂ ಬ್ಯಾಡ.

ಅದರ ಕೆಳಗ ನನ್ನ ಗಂಡ ಈರಸಂಗಪ್ಪ ಬರದಾನ:
ನನಗೇನು ಬ್ಯಾಡ ಅಂತ ಯಾರೂ ಕೇಳಿಲ್ಲ.

ಸ್ವಾಮಾರ ಅವ ಖಣದ ಗಂಟು ಹೊತ್ತು ಪ್ಯಾಟಿಗೆ ಹ್ವಾದ.
ಅವಸರದಾಗ ಸರದಾರನ ಗುಳಿಗಿ ನಾ ನುಂಗಿದೆ,
ನನ್ನ ಬಿಪಿ ಗುಳಿಗಿ ರೊಟ್ಟಿಯೊಳಗ ಸುತ್ತಿ ಅವನ ಬಾಯಿಗೆ ಹಾಕಿದೆ.
ಎರಡೂ ಬಿಳೇವು, ಎರಡೂ ದುಂಡನ್ನವು.

ಒಂಬತ್ತಕ್ಕ ಎಳಿ ಎರಡಾದವು, ನಾಕಾದವು.
ಹಾಸಿನ ಮ್ಯಾಲ ಹಣಿ ಇಟ್ಟೆ, ಒಂದು ಗಳಿಗಿ ಅಂತ.

ಮಗ್ಗ ನಿಂತಿತು.
ಆಗ ಎಚ್ಚರಾತಂತ ಬಿಳೇಕಿಗೆ.
ಸಪ್ಪಳ ಗೊತ್ತಿರದಾಕಿಗೆ ನಡುಗೋದು ಗೊತ್ತಿತ್ತು;
ನೆಲ ನಡುಗೋದು ನಿಂತದ್ದಕ್ಕ
ಕುಣಿ ಏರಿ ಬಂದು ನನ್ನ ಗಂಟಲ ಮ್ಯಾಲ ಪಂಜಾ ಇಟ್ಟು ನೋಡ್ಯಾಳ,
ಅಲ್ಲೇನಾದರೂ ನಡುಗತದೇನು ಅಂತ.
ಕಿಡಕ್ಯಾಗಿಂದ ಇಣುಕಿದ ಹುಸೇನಬಿ ಹೇಳಿದ್ದು ಇದು.
ಗೊರಕಿ ಕೇಳಿ ಆಕಿ ಸುಮ್ಮನಽ ಹೋದಳಂತ.

ಸಂಜಿ ನಾಕಕ್ಕ ಎದ್ದೆ. ಬಾಯಿ ಕಹಿ.
ಐದಕ್ಕ ಸರದಾರ ಬಿದ್ದ.
ತಲಿ ಕೆಳಗ ನನ್ನ ಹಳೇ ಕುಬಸ ಇಟ್ಟು
ಗಡಿಯಾರ ನೋಡಕೋತ ಕುಂತೆ, ಮುಟ್ಟಬಾರದು ಅಂದಾರ ಬಾಯಿ.
ಒಂದು ನಿಮಿಷ. ಒಂದು ಇಪ್ಪತ್ತು. ಒಂದು ನಲವತ್ತು.
ಎಷ್ಟು ದೂರ ಓಡಿದ್ಯೋ ತಮ್ಮಾ ನನ್ನ ತಪ್ಪಿಗೆ.
ಕುಂಟಿ ಬಾಗಲ ಹಿಂದಽ ನಿಂತಿತ್ತು, ಕುಕ್ಕಲಿಲ್ಲ.

ಎದ್ದ ಮ್ಯಾಲ ನನ್ನ ಗುರುತು ಹಿಡೀಲಿಲ್ಲ ಅವ,
ನೀರು ಕುಡದು, ಆಮ್ಯಾಲ ಹಿಡದ.

ರಾತ್ರಿ ಈರಸಂಗಪ್ಪ ಕಸ ಹೊಡೆಯೋವಾಗ
ಮಗ್ಗದ ಕೆಳಗ ನನ್ನ ಬಿಪಿ ಗುಳಿಗಿ ಸಿಕ್ಕಿತು, ಅರ್ಧ ಕರಗಿ.
ರೊಟ್ಟಿ ತಿಂದು ಗುಳಿಗಿ ಉಗುಳ್ಯಾನ ಕಳ್ಳ, ಯಾವಾಗಲೂ ಹಂಗಽ.
ಗಂಡ ಇದ್ದಲಿ ತಗೊಂಡು ಗ್ವಾಡಿಗೆ ಹ್ವಾದ.
ಬರದ: ಇಕಿಗೆ ಸರದಾರನ ಗುಳಿಗಿ ಬ್ಯಾಡ.

ಗುರುತಿಗಿರಲಿ ಅಂತ
ಸರದಾರನ ಡಬ್ಬಿಗೆ ಕೆಂಪು ನೂಲು ಕಟ್ಟೀನಿ.

ಕಂಟೆಪ್ಪ ಅದನ್ನಽ ನೋಡಾಕತ್ತಾನ.