ಕರಡು ಪ್ರತಿ, ಪುಟ ಎರಡು

ಮಂಡಕ್ಕಿ ಭಟ್ಟಿ ಓಣಿಯ ಶಬ್ರೀನ್ ಲ್ಯಾಪ್‌ಟಾಪ್ ತಂದು
ನನ್ನ ಅಡುಗೆಮನೆಯ ಕಟ್ಟೆ ಮೇಲೆ ಬಿಚ್ಚುತ್ತಾಳೆ.
"ಟೀಚರಮ್ಮ, ಇದು ನೀವೇನಾ?"

ಪರದೆಯಲ್ಲಿ ಒಂದು ಹಳದಿ ಹಾಳೆ.
ಮೂಲೆಯಲ್ಲಿ ದಾರ ಪೋಣಿಸಿದ ತೂತು,
ಮೇಲೆ ಗೋಪ್ಯ ಎಂಬ ಮುದ್ರೆ,
ಮುದ್ರೆಯ ಮೇಲೊಂದು ಗೆರೆ, ಗೆರೆಯ ಪಕ್ಕ ಇನ್ನೊಂದು ಮುದ್ರೆ:
ಇನ್ನು ಯಾರು ಬೇಕಾದರೂ ಓದಬಹುದು.
ಪುಟದ ಪಾದದಲ್ಲಿ
ಸಾಹೇಬರ ಹೆಸರಿನ ಮೂರು ದೊಡ್ಡಕ್ಷರ,
ಒಂದು ಓರೆಗೆರೆ,
ಆಮೇಲೆ ಸಣ್ಣಕ್ಷರದಲ್ಲಿ ಬಿ, ಸಣ್ಣಕ್ಷರದಲ್ಲಿ ಎನ್.

ಹೌದು. ಬಸೆಟ್ಟೆಪ್ಪನ ಮಗಳು ನೀಲಾಂಬಿಕೆ.
ಅಪ್ಪ ಗಿರಣಿಯಲ್ಲಿ, ನೂಲಿನ ಖಾತೆ.
ಪಾಳಿ ಬದಲಾಗುವ ಕೂಗು ಕೇಳುತ್ತ
ಮಂಡಿಪೇಟೆಯ ಒಂದು ಮಹಡಿಯಲ್ಲಿ ಎ ಎಸ್ ಡಿ ಎಫ್ ಬಡಿದು
ಇಪ್ಪತ್ತೆರಡಕ್ಕೆ ದೆಹಲಿಯ ರೈಲು ಹತ್ತಿದವಳು.
ಹನ್ನೊಂದು ವರ್ಷ, ಆ ಕಲ್ಲಿನ ಕಟ್ಟಡದಲ್ಲಿ
ದೇಶದೇಶದ ಮಾತು ನನ್ನ ಬೆರಳ ಮೇಲೆ ಹಾದುಹೋಯಿತು.
ಒಂದನ್ನೂ ನಾನು ಆಡಲಿಲ್ಲ.
ವಾಪಸು ಬಂದು ಊರ ಹುಡುಗಿಯರಿಗೆ ಟೈಪಿಂಗ್ ಕಲಿಸಿದೆ.

ಶಬ್ರೀನ್‌ಗೆ ನನ್ನ ಹೆಸರಲ್ಲ ಬೇಕಾದ್ದು.
ಅವಳ ಬೆರಳು ನಾಲ್ಕನೇ ಸಾಲನ್ನು ಹಿಗ್ಗಿಸುತ್ತದೆ.
ಇಂಗ್ಲಿಷಿನಲ್ಲಿ, ನಮ್ಮ ಸರ್ಕಾರ ತನ್ನ ಎಂದಾದ ಮೇಲೆ
ಆರು ಎಕ್ಸು, ಸಾಲಾಗಿ, ಒತ್ತಾಗಿ.
ಅವುಗಳ ಮಗ್ಗುಲಿಗೆ: ಕಳವಳ.
ಎಕ್ಸಿನ ಕೆಳಗೆ ಏನಿತ್ತು?
ಎಷ್ಟು ದೊಡ್ಡದು ಮಾಡಿದರೂ
ಎಕ್ಸು ದೊಡ್ಡದಾಗುತ್ತದೆ, ಅಷ್ಟೇ.

ಕಾಗದವಾಗಿದ್ದರೆ ಮಗುಚಿ ಹಾಕಿ
ಬೆನ್ನ ಮೇಲೆ ಬೆರಳಾಡಿಸು ಅನ್ನುತ್ತಿದ್ದೆ.
ಆ ಮಿಷನ್ನಿನ ಪೂರ್ಣವಿರಾಮ ಹಾಳೆ ಕೊರೆಯುತ್ತಿತ್ತು;
ಬೆಳಕಿಗೆ ಹಿಡಿದರೆ
ಬೆದರಿಕೆ ಪತ್ರದಲ್ಲೂ ನಕ್ಷತ್ರ ಕಾಣುತ್ತಿದ್ದವು.
ಇದಕ್ಕೆ ಬೆನ್ನೇ ಇಲ್ಲ.

ಸಾಹೇಬರು ಆ ಪದ ಹೇಳಿದಾಗ ಮಧ್ಯಾಹ್ನ ಮೂರೂವರೆ.
ಹೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.
ಫೋನು ಬಂತು. ಎದ್ದು ಹೋದವರು
ಚಹಾ ಕೆನೆಗಟ್ಟಿದ ಮೇಲೆ ಬಂದು
ನನ್ನ ಕಡೆ ನೋಡದೆ, "ಅದು ಬೇಡ. ಕಳವಳ ಸಾಕು" ಅಂದರು.
ಮೊದಲಿನದೇ ಹೋಗಿದ್ದರೆ ಆ ಚಳಿಗಾಲ
ಗಡಿಯಲ್ಲಿ ಬೇರೆ ಏನಾದರೂ ಆಗುತ್ತಿತ್ತೇ? ಗೊತ್ತಿಲ್ಲ.
ಗೊತ್ತು ಅನ್ನುವವರ ಪುಸ್ತಕ
ಶಬ್ರೀನ್ ಚೀಲದಲ್ಲಿ ನಾಲ್ಕಿವೆ.

"ಹೇಳಿ, ಅಡಿಟಿಪ್ಪಣಿಗೆ ಹಾಕುತ್ತೇನೆ."

ಕೆಲಸಕ್ಕೆ ಸೇರಿದ ದಿನ ಒಂದು ಕಾಗದಕ್ಕೆ ಸಹಿ ಹಾಕಿದ್ದೆ,
ಕಂಡದ್ದು ಕೇಳಿದ್ದು ಬಾಯಿ ಬಿಡುವುದಿಲ್ಲವೆಂದು.
ಹಾಳೆಯ ಗೋಪ್ಯಕ್ಕೆ ಯಾರೋ ಗೆರೆ ಎಳೆದರು.
ನನ್ನ ಸಹಿಗೆ ಎಳೆಯಲು
ದಾವಣಗೆರೆವರೆಗೆ ಯಾರೂ ಬಂದಿಲ್ಲ.

ಒಗ್ಗರಣೆ ಮಂಡಕ್ಕಿ ಮುಂದಿಟ್ಟೆ, ಎರಡು ಮೆಣಸಿನಕಾಯಿ.
ಅವಳು ಮುಟ್ಟಲಿಲ್ಲ. ಹಟದಲ್ಲಿ ಅವಳಜ್ಜನ ಹಾಗೆ,
ಮರಳು ಕಾಯುವತನಕ ಭಟ್ಟಿ ಬಿಟ್ಟು ಏಳದವನು.

ಬಾಯಿಯ ಮಾತು ಕೊಟ್ಟದ್ದು ನಿಜ.
ಕೈಯ ವಿಷಯ ಆ ಕಾಗದದಲ್ಲಿರಲಿಲ್ಲ.
ಅವಳ ಎಡಗೈ ಹಿಡಿದು ಕೀಲಿಗಳ ಮೇಲಿಟ್ಟೆ.
ಬಲಗೈ ಮಡಿಲಲ್ಲಿರಲಿ, ಅದಕ್ಕಿಲ್ಲಿ ಕೆಲಸವಿಲ್ಲ ಅಂದೆ.
ಎರಡೇ ಬೆರಳಿನ ಪದ:
ತೋರು, ನಡು, ತೋರು.
ತೋರು, ನಡು, ತೋರು.
ನಮ್ಮ ಭಾಷೆಯಲ್ಲಾದರೆ ಮೂರೇ ಅಕ್ಷರ.

ಒತ್ತುತ್ತಾಳೆ, ಅಳಿಸುತ್ತಾಳೆ, ಮತ್ತೆ ಒತ್ತುತ್ತಾಳೆ.
ಮಂಡಕ್ಕಿ ಮೆತ್ತಗಾಗುತ್ತಿದೆ.