ಪುಟ ಹತ್ತೊಂಬತ್ತರಿಂದ

ರಟ್ಟಿಲ್ಲ, ಹೆಸರಿಲ್ಲ, ಮೊದಲ ಹದಿನೆಂಟು ಪುಟವಿಲ್ಲ.
ರಿಚ್ಮಂಡ್ ಟೌನಿನ ಯಾರದೋ ಮನೆ ಖಾಲಿಯಾದಾಗ
ಮೂರು ಗೋಣಿಚೀಲದ ಜತೆ ದಾನ ಬಂದದ್ದು
ಸಂಪಂಗಿರಾಮನಗರದ ನಮ್ಮ ಶಾಖೆಗೆ.
ದಾಖಲೆಯಲ್ಲಿ ಬರೆದುಕೊಂಡೆ:
ಇಂಗ್ಲಿಷ್ ಕಾದಂಬರಿ. ಅಮೆರಿಕ. ಕಪ್ಪು ಹುಡುಗಿ. ಹರಿದಿದೆ.

ಅರ್ಧ ವಾಕ್ಯದಿಂದ ಶುರು ಆ ಕತೆ:
'ಅಂತ ಹೇಳಿ ಅಮ್ಮ ಬಾಚಣಿಗೆ ಎತ್ತಿಕೊಂಡಳು.'
ಅಡುಗೆಮನೆ ನೆಲದಲ್ಲಿ, ಅಮ್ಮನ ಮೊಣಕಾಲುಗಳ ನಡುವೆ
ಕಣ್ಣು ಬಿಗಿಹಿಡಿದು ಕೂತ ಹದಿನಾರರ ಹುಡುಗಿ,
ಭಾನುವಾರ, ಚರ್ಚಿಗೆ ಹೊತ್ತಾಗಿದೆ.
ನಾನು ಓದಿದ್ದು ಅಷ್ಟೇ. ಮುದ್ರೆ ಒತ್ತಿ ಕಪಾಟಿಗೆ ಸೇರಿಸಿದೆ.

ಅದನ್ನು ಮೊದಲು ಒಯ್ದವಳು ರೊಮಾನಾ ಜೂಜೆ ಸಿದ್ದಿ,
ಪ್ರಥಮ ಪಿಯುಸಿ, ವಾಣಿಜ್ಯ, ಹಾಸ್ಟೆಲಿನ ವಿಳಾಸ.
ಕಾರ್ಡು ಮಾಡಿಕೊಡುವಾಗ, ಸುಳ್ಳು ಯಾಕೆ,
ನಾನೂ ಕೇಳಿದ್ದೆ ಎಲ್ಲರ ಹಾಗೆ:
'ಕಂಠೀರವದಲ್ಲಿ ಓಡ್ತೀಯೇನಮ್ಮಾ?'
'ಇಲ್ಲ ಮೇಡಂ. ಓದ್ತೀನಿ.'
ಡಕಾರಕ್ಕೂ ದಕಾರಕ್ಕೂ ನಡುವಿನ ಇಷ್ಟೇ ಇಷ್ಟು ಜಾಗದಲ್ಲಿ
ನನ್ನ ನಾಲಗೆ ಎಡವಿ ಬಿತ್ತು.

ಇಪ್ಪತ್ತೆರಡು ದಿನ ತಡವಾಗಿ ವಾಪಸು ಬಂತು,
ಅಂಚಿನ ತುಂಬ ಪೆನ್ಸಿಲು, ಕನ್ನಡ,
ಸಕ್ಕರೆ ಡಬ್ಬಿಗೆ ಹೊರಟ ಇರುವೆ ಸಾಲಿನ ಹಾಗೆ.

ಪುಟ ೧೯. ನಮ್ಮಜ್ಜಿ, ಹಲ್ಲು ಮುರಿದರೆ
ಬಾಚಣಿಗೆಗೆ ಬೈಯುತ್ತಾಳೆ, ನನಗಲ್ಲ.

ಪುಟ ೪೦. ಅಂಗಡಿಯವನು ಇವಳ ಹಿಂದೆ ಹಿಂದೆ.
ಕಮರ್ಷಿಯಲ್ ಸ್ಟ್ರೀಟು, ಬಳೆ ಅಂಗಡಿ. ನನಗೂ.

ಪುಟ ೬೩. ಕಂಡಕ್ಟರು ಇಂಗ್ಲಿಷಲ್ಲಿ ಕೇಳಿದ ಎಲ್ಲಿಗೆ ಅಂತ.
ಯಲ್ಲಾಪುರದ ಕನ್ನಡದಲ್ಲಿ ಹೇಳಿದೆ. ಎಷ್ಟು ಗಾಬರಿಯಾದ ಅಂದರೆ
ಚಿಲ್ಲರೆ ಎರಡು ಸಲ ಕೊಟ್ಟ.

ಪುಟ ೮೮. ಇವಳ ಅಜ್ಜಿಗೂ ಗೊತ್ತಿಲ್ಲ ಯಾವ ಹಡಗು ಅಂತ.
ನಮ್ಮಜ್ಜಿಯನ್ನು ಕೇಳಿದರೆ ಡಮಾಮಿ ಬಾರಿಸುತ್ತಾಳೆ.
ಅದೇ ಉತ್ತರವೋ ಏನೋ.

ಪುಟ ೧೦೧. ಈ ಪದ ನಿಘಂಟಿನಲ್ಲಿಲ್ಲ.
ಅರ್ಥವಾಯಿತು.

ಗ್ರಂಥಾಲಯದ ಪುಸ್ತಕದಲ್ಲಿ ಬರೆಯಬಾರದು.
ಗೋಡೆಯ ಮೇಲೆ ನಾನೇ ಅಂಟಿಸಿದ ನಿಯಮ, ನಾಲ್ಕನೆಯದು.
ಡ್ರಾಯರಿನಿಂದ ರಬ್ಬರು ತೆಗೆದು ನಲವತ್ತರಿಂದ ಶುರುಮಾಡಿದೆ;
ಹುಡುಗಿಯದು ಒತ್ತಿ ಬರೆಯುವ ಕೈ,
ಬಳೆ ಅಂಗಡಿ ಹೋಯಿತು, ಅದರ ತಗ್ಗು ಉಳಿಯಿತು.
ಅಷ್ಟರಲ್ಲಿ ಕರೆಂಟು ಹೋಯಿತು. ಮಿಕ್ಕವು ಹಾಗೇ ಉಳಿದವು.
ಕರೆಂಟಿಗೆ ಈಗಲೂ ಋಣಿ ನಾನು.

ಮುಂದೆ ಒಯ್ದದ್ದು ಕಾರ್ಡು ೨೧೧೭,
ನೀಲಸಂದ್ರದ ಹುಡುಗ, ಜೆ.ಸಿ. ರಸ್ತೆಯ ಗ್ಯಾರೇಜು,
ಉಗುರಿನಡಿ ಗ್ರೀಸು, ಹತ್ತನೇ ತರಗತಿ ಎರಡನೇ ಸಲ.
ಇಂಗ್ಲಿಷು ಬರುತ್ತಾ ಅಂದೆ.
'ಪಕ್ಕದಲ್ಲಿ ಕನ್ನಡ ಇದೆಯಲ್ಲ' ಅಂದ.

ಆ ಕತೆಯಲ್ಲಿ ಒಬ್ಬ ತಮ್ಮನಿದ್ದಾನಂತೆ,
ಮೊದಲ ಸಲ ಕಾರು ಬಿಡುವ ದಿನ
ಅವನಮ್ಮ ಪಾಠ ಹೇಳುತ್ತಾಳಂತೆ:
ಪೊಲೀಸರು ನಿಲ್ಲಿಸಿದರೆ ಕೈ ಎರಡೂ ಕಾಣುವಂತಿರಲಿ.
ಅಲ್ಲಿ, ಪುಟ ೧೧೨ರಲ್ಲಿ, ನೀಲಿ ಬಾಲ್‌ಪೆನ್ನು:
'ಅಬ್ಬಾ ಹೇಳಿದ್ದೂ ಇದೇ. ಹೆಲ್ಮೆಟ್ ತೆಗಿ,
ಗಾಡಿ ಆಫ್ ಮಾಡು, ಹೆಸರು ಮೆಲ್ಲಗೆ ಹೇಳು.
ಮೆಲ್ಲಗೆ ಹೇಳಿದರೂ ಅದೇ ಹೆಸರು.'

ಹಿಂದೆ ತಿರುಗಿಸಿದೆ, ಅನುಮಾನ ಬಂದು.
ಪುಟ ನಲವತ್ತು.
ನಾನು ಅಳಿಸಿದ ಜಾಗದ ಮೇಲೆ
ಪೆನ್ಸಿಲನ್ನು ಅಡ್ಡ ಮಲಗಿಸಿ ಹಗುರವಾಗಿ ಉಜ್ಜಿದ್ದಾನೆ.
ಕಪ್ಪಿನೊಳಗಿಂದ ಒಂದೊಂದೇ ಅಕ್ಷರ ಬೆಳ್ಳಗೆ ಎದ್ದು ಕೂತಿದೆ:
ಬಳೆ ಅಂಗಡಿ. ನನಗೂ.
ಅದರ ಕೆಳಗೆ, ಸಿಟ್ಟಿನ ದೊಡ್ಡ ಕೈಬರಹ:
ಯಾರು ಅಳಿಸಿದ್ದು?

ಶನಿವಾರ. ಓದುಗರೆಲ್ಲ ಎದ್ದು ಹೋಗಿದ್ದರು.
ನಿಯಮ ನಾಲ್ಕು ಗೋಡೆಯ ಮೇಲೇ ಇತ್ತು.
ಪೆನ್ಸಿಲು ಚೂಪು ಮಾಡಿಕೊಂಡು
'ನಾನು' ಎಂದು ಬರೆದೆ, ಒತ್ತಿ.
ಆಮೇಲೆ ಮತ್ತೆ ಹತ್ತೊಂಬತ್ತಕ್ಕೆ ಹೋಗಿ,
ಅಮ್ಮ ಬಾಚಣಿಗೆ ಎತ್ತಿಕೊಂಡ ಕಡೆಯಿಂದ
ಓದತೊಡಗಿದೆ.

ಏಳಕ್ಕೆ ಬೀಗ ಹಾಕಬೇಕು.
ಎಂಟಕ್ಕೆ ವಾಚ್‌ಮನ್ ಬಂದು ಬಾಗಿಲಲ್ಲಿ ನಿಂತ:
ಮೇಡಂ, ಇನ್ನೂ ಇದ್ದೀರಾ?