ಗೇಣು

ಅರಬೈಲ ಘಾಟ ಏರಿ ಬಂದ ಲಾರಿ
ಗಣೇಶಪೇಟಿಯೊಳಗ ನಿಂತಾಗ ನಸುಕಿನ ನಾಲ್ಕು.
ಹಿಂದಿನ ಫಳಿಯಿಂದ ತೊಟ್ಟಿಕ್ಕತೈತಿ
ಕರಗಿದ ಬರ್ಫು, ಒಂದೀಟು ಅಂಕೋಲಾ.

ಶಾರಂಬಿ ಸಮುದ್ರ ಕಂಡಾಕಿ ಅಲ್ಲ.
ನಲವತ್ತು ವರ್ಷ ಅದ
ಥರ್ಮಾಕೋಲ್ ಪೆಟ್ಟಿಗ್ಯಾಗ ಕುಂತು
ಆಕಿ ಕಡೆ ಬಂದೈತಿ.
ಕಿವಿರು ಎತ್ತಿ ನೋಡಿ ಹೇಳ್ತಾಳ:
ಇದು ನಿನ್ನಿದು, ಇದು ಮೊನ್ನಿದು,
ಇದು ಎರಡು ಸಲ ಬರ್ಫು ಕಂಡದ್ದು.

ಇವತ್ತ ಬಂಗಡಿ ಮ್ಯಾಲೆ ಗೇಣು ಇಟ್ಟಳು.
ಹೆಬ್ಬೆರಳಿಗೆ ಬಾಲ ಹಚ್ಚಿದರ
ತಲಿ ತೋರುಬೆರಳಿಗೂ ಮುಟ್ಟಲಿಲ್ಲ.

"ಗಣಪು, ಬಲಿ ಕಣ್ಣು ಎಷ್ಟು ಸಣ್ಣ ಮಾಡೀರೋ?
ಇವು ಇನ್ನೂ ಅಂಗನವಾಡಿಗೆ ಹೋಗೂವು."
"ನಾ ಬರೇ ಡ್ರೈವರು, ಚಾಚಿ."
ಬೀಡಿ ಆರಿಸಿದ. ಮತ್ತ ಹಚ್ಚಿದ.
"ದೊಡ್ಡವು ದಂಡಿ ಕಡೆ ಬರೂದೇ ಇಲ್ಲ ಈಗ."

ಕಿಲೋಕ್ಕ ಐದು ತೂಗತಿದ್ದ ತಕ್ಕಡಿ
ಹತ್ತೊಂಬತ್ತು ನುಂಗಿ
ಇನ್ನೂ ಮ್ಯಾಲೇ ಇತ್ತು.

ಸೆಟ್ಲಮೆಂಟಿನಿಂದ ಬಂದ ಗಿರಾಕಿ
ಚೀಲ ತಗದು ಕೇಳಿದ:
"ತಾರ್ಲೆ ಎಷ್ಟವಾ?"
"ಬಂಗಡಿ," ಅಂದಳು ಶಾರಂಬಿ,
ಆಣಿ ಮಾಡಿ ಹೇಳಿಧಾಂಗ.
ಆತ ನಕ್ಕ. ಆಕಿ ಇನ್ನೊಂದ ಹಾಕಿದಳು.

ಕಾಲ ಕೆಳಗ ಬರ್ಫಿನ ನೀರು
ಗಟಾರ ಹಿಡಿದು ಹೊಂಟಿತ್ತು
ಬೆಣ್ಣಿಹಳ್ಳದ ಕಡೆ, ಮೂಡಲಕ್ಕ,
ಬಂದ ದಾರಿಗೆ ಬೆನ್ನ ಮಾಡಿ.